ಕಲಬುರಗಿಯಲ್ಲಿ ಕೊಂಡ ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ್ದೇನೆ, ಎಸ್‌ಡಿ ಕಾರ್ಡ್ ಕಾಣುತ್ತಿಲ್ಲ. ಡ್ರೈವರ್ ಎಲ್ಲಿ ಸಿಗುತ್ತದೆ?

ಹುಡುಕಬೇಕಿಲ್ಲ, ಬಹುತೇಕ ಕಾರ್ಡ್ ರೀಡರ್‌ಗಳ ಮುಕ್ತ ಡ್ರೈವರ್ ಕರ್ನಲ್‌ನಲ್ಲೇ (ಲಿನಕ್ಸ್‌ನ ಮೂಲಭಾಗ) ಇದೆ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ (lspci) ಕೊಟ್ಟು ಚಿಪ್ ಯಾವುದೆಂದು ನೋಡಿ. ಅಲ್ಲಿ ಸಿಗದಿದ್ದರೆ ‘ಎಲ್‌ಎಸ್‌ಯುಎಸ್‌ಬಿ’ (lsusb) ಕೊಡಿ. ರಿಯಲ್‌ಟೆಕ್‌ನ ಪಿಸಿಐ ಚಿಪ್‌ಗಳಿಗೆ (5229 ಇತ್ಯಾದಿ) ಕರ್ನಲ್ 3.8ರಿಂದ ‘ಆರ್‌ಟಿಎಸ್‌ಎಕ್ಸ್_ಪಿಸಿಐ’ ಡ್ರೈವರ್, ಯುಎಸ್‌ಬಿಯ 5129, 5139ಕ್ಕೆ 3.16ರಿಂದ ‘ಆರ್‌ಟಿಎಸ್‌ಎಕ್ಸ್_ಯುಎಸ್‌ಬಿ’ ಇದೆ. ಹಳೆಯ ಸಲಹೆ ನಂಬಿ ಹೊರಗಿನ ಕೋಡ್ ಕಂಪೈಲ್ ಮಾಡಬೇಡಿ. ಕರ್ನಲ್ ಅಪ್‌ಡೇಟ್ ಆದಾಗ ಕೆಲಸ ನಿಲ್ಲಬಹುದು.

ಕಾರ್ಡ್ ಹಾಕಿದ ಮೇಲೆ ‘sudo dmesg’ ಕೊಟ್ಟು ಕರ್ನಲ್‌ನ ಸಂದೇಶಗಳನ್ನು ಓದಿ. ಕಾರ್ಡ್‌ನ ಹೆಸರಾಗಿ ‘ಎಂಎಂಸಿಬಿಎಲ್‌ಕೆ0’ (mmcblk0) ಬಂದಿದ್ದರೆ ಡ್ರೈವರ್ ಸರಿಯಿದೆ, ತೊಡಕು ಫೈಲ್ ಸಿಸ್ಟಂನದು (ಕಾರ್ಡ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಬಗೆ). 64 ಜಿಬಿ ಮತ್ತು ಮೇಲಿನ ಕಾರ್ಡ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಂನವು, 5.4ಕ್ಕಿಂತ ಹಳೆಯ ಕರ್ನಲ್‌ಗೆ ‘ಎಕ್ಸ್‌ಫ್ಯಾಟ್-ಫ್ಯೂಸ್’ ಪ್ಯಾಕೇಜ್ ಬೇಕು. ಚಿಪ್ಪೇ ಕಾಣದಿದ್ದರೆ ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ರೀಡರ್ ಆಫ್ ಆಗಿದೆಯೇ ನೋಡಿ. ಚಿಪ್ ಕಂಡು ಕಾರ್ಡ್ ಮಾತ್ರ ಕಾಣದಿದ್ದರೆ ಸ್ಲಾಟ್‌ನ ಧೂಳು ಊದಿಸಿ. ನಮ್ಮ ಕಡೆ ಬೇಸಿಗೆಯಲ್ಲಿ ಅದು ಸಾಮಾನ್ಯ.