ಹೆಪಟೈಟಿಸ್ ಸಿ ವಾಸಿಯಾದ ಮೇಲೆ ಲಿವರ್ ಸರಿಯಾಗಲು ಎಷ್ಟು ಕಾಲ ಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಪ್ಪನಿಗೆ 61 ವರ್ಷ. ಮೂರು ತಿಂಗಳ ಮಾತ್ರೆ ಮುಗಿದಿದೆ. ವೈರಸ್ ಕಂಡುಬಂದಿಲ್ಲ ಅಂತ ರಿಪೋರ್ಟ್ ಬಂದಿದೆ. ಆದರೆ ಲಿವರ್ ಎಷ್ಟು ಗಟ್ಟಿ ಎಂದು ಅಳೆಯುವ ಫೈಬ್ರೋಸ್ಕ್ಯಾನ್‌ನಲ್ಲಿ ಇನ್ನೂ 14 ತೋರಿಸುತ್ತಿದೆ. ಲಿವರ್ ಮೊದಲಿನ ಹಾಗೆ ಆಗಲು ಎಷ್ಟು ಕಾಲ ಬೇಕು, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ನಿಜಕ್ಕೂ ಬೇಕಾ, ನೆಂಟರು ಹೇಳಿದ ಕಷಾಯ ಕೊಡಬಹುದಾ, ಅಪರೂಪಕ್ಕೆ ಒಂದು ಲೋಟ ಕಳ್ಳು ಕುಡಿದರೆ ಏನಾದೀತು ಅಂತ ಕೇಳಿದ್ದೀರಿ. ಕೊನೆಗೆ, ಅಪ್ಪ ಇನ್ನೂ ತಟ್ಟೆ ಲೋಟ ಬೇರೆಯೇ ಇಟ್ಟುಕೊಂಡು ಉಣ್ಣುತ್ತಾರೆ ಅಂತಲೂ ಬರೆದಿದ್ದೀರಿ.

ನಾನು ಡಾಕ್ಟರಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಆದರೆ ಇದೇ ಕಾಯಿಲೆ, ಇದೇ ಮಾತ್ರೆ, ಇದೇ ಫೈಬ್ರೋಸ್ಕ್ಯಾನ್ ನನಗೂ ಆಗಿದೆ. ವೈರಸ್ ಹೋಗಿ ಐದು ವರ್ಷ ದಾಟಿತು. ಅದಕ್ಕೇ ಬರೆಯುತ್ತಿದ್ದೇನೆ.

1993ರಲ್ಲಿ ಹೆರಿಗೆಯ ಹೊತ್ತಿಗೆ ತುಂಬಾ ರಕ್ತ ಹೋಗಿ ನನಗೆ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಆ ರಕ್ತ ಇಲ್ಲದಿದ್ದರೆ ನಾನು ಬದುಕುತ್ತಿರಲಿಲ್ಲ. ಈ ವೈರಸ್ ಯಾವುದೆಂದು ಪತ್ತೆಯಾದದ್ದೇ 1989ರಲ್ಲಿ. ದಾನದ ರಕ್ತವನ್ನು ಇದಕ್ಕಾಗಿ ಪರೀಕ್ಷಿಸಲೇಬೇಕೆಂಬ ನಿಯಮ ನಮ್ಮಲ್ಲಿ 1993ರಲ್ಲಿ ಇನ್ನೂ ಇರಲಿಲ್ಲ. ಇಪ್ಪತ್ತೈದು ವರ್ಷ ಅದು ನನ್ನೊಳಗೆ ಸದ್ದಿಲ್ಲದೆ ಕೂತಿತ್ತು. 2018ರಲ್ಲಿ ಒಂದು ಆಪರೇಷನ್‌ಗೆ ಮೊದಲು ಮಾಡಿದ ರಕ್ತ ಪರೀಕ್ಷೆಯಲ್ಲಿ ಸಿಕ್ಕಿತು. ನಿಮ್ಮ ಅಪ್ಪನಿಗೆ ಎಲ್ಲಿಂದ ಬಂತೆಂದು ಮನೆಯವರು ಇನ್ನೂ ಕೆದಕುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಹಳೆಯ ಇಂಜೆಕ್ಷನ್, ಹಲ್ಲು ಕಿತ್ತದ್ದು, ರಕ್ತ ಕೊಟ್ಟದ್ದು, ಯಾವುದೂ ಆಗಿರಬಹುದು. ಅದರ ಬದಲು ಮನೆಯವರೆಲ್ಲ ಒಂದು ಸಲ ಪರೀಕ್ಷೆ ಮಾಡಿಸಿಕೊಳ್ಳಿ.

2019ರ ಜನವರಿಯಲ್ಲಿ ಮದ್ದು ಶುರುವಾಯಿತು. ಸೋಫೋಸ್ಬುವಿರ್ ಮತ್ತು ವೆಲ್ಪಟಾಸ್ವಿರ್ ಸೇರಿದ ಮಾತ್ರೆ, ದಿನಕ್ಕೊಂದು. ಒಂದು ಡಬ್ಬಿಯಲ್ಲಿ 28, ಒಟ್ಟು ಮೂರು ಡಬ್ಬಿ, 84 ದಿನ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ಕೆಂಪು ಪೆನ್ನಿನಿಂದ ಗೀಟು ಹಾಕುತ್ತಿದ್ದೆ. ಕೊನೆಯ ಗೀಟು ಹಾಕಿದ ದಿನ ಎಲ್ಲ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ.

ಮೊದಲು ಒಂದು ವಿಷಯ ನೋಡಿ. ಅಪ್ಪನ ರಿಪೋರ್ಟಿನ ತಾರೀಕು ಯಾವುದು? ಮಾತ್ರೆ ಮುಗಿದ ದಿನವೇ ವೈರಸ್ ಕಾಣದಿದ್ದರೆ ಅದು ಒಳ್ಳೆಯದೇ, ಆದರೆ ಲೆಕ್ಕಕ್ಕೆ ಬರುವುದು ಮಾತ್ರೆ ನಿಲ್ಲಿಸಿ 12 ವಾರ ಕಳೆದ ಮೇಲಿನ ಪರೀಕ್ಷೆ. ಆಗಲೂ ಕಾಣದಿದ್ದರೆ ವಾಸಿಯಾಯಿತು ಅಂತಲೇ ಅರ್ಥ. ಈಗಿನ ಮಾತ್ರೆಗಳಲ್ಲಿ ನೂರರಲ್ಲಿ 95ಕ್ಕಿಂತ ಹೆಚ್ಚು ಜನರಿಗೆ ಹಾಗೆ ಆಗುತ್ತದೆ. ಆಮೇಲೆ ಅದೇ ವೈರಸ್ ತಿರುಗಿ ಏಳುವುದು ಬಹಳ ಅಪರೂಪ. ಹೊಸದಾಗಿ ಹೊರಗಿನಿಂದ ಅಂಟಬಹುದು, ಯಾಕೆಂದರೆ ಒಮ್ಮೆ ಬಂದು ಹೋದರೂ ಇದಕ್ಕೆ ರಕ್ಷಣೆ ಹುಟ್ಟುವುದಿಲ್ಲ.

ಈಗ ಆ 14ರ ವಿಷಯ. ವೈರಸ್ ಹೋಗುವುದು ಒಂದು, ಲಿವರ್ ವಾಸಿಯಾಗುವುದು ಇನ್ನೊಂದು. ಇವೆರಡೂ ಒಂದೇ ಅಂದುಕೊಂಡು ನಾನು ತುಂಬಾ ಕಷ್ಟಪಟ್ಟೆ. ನಮ್ಮ ಹಳೆಯ ಮನೆಯಲ್ಲಿ ಕಟ್ಟಿಗೆ ಒಲೆ ಇತ್ತು. ಗ್ಯಾಸ್ ಬಂದ ದಿನವೇ ಹೊಗೆ ನಿಂತಿತು. ಅಟ್ಟಕ್ಕೆ ಹಿಡಿದ ಮಸಿ ಮಾತ್ರ ಹಾಗೇ ಉಳಿಯಿತು. ಲಿವರ್ ಒಳಗೂ ಹಾಗೆಯೇ. ವರ್ಷಗಟ್ಟಲೆ ವೈರಸ್ ಕೆರಳಿಸಿದ ಜಾಗದಲ್ಲೆಲ್ಲ ಗಾಯದ ಕಲೆಯ ಹಾಗೆ ನಾರು ಕಟ್ಟಿರುತ್ತದೆ. ಅಟ್ಟದ ಮಸಿ ತಾನಾಗಿ ಹೋಗುವುದಿಲ್ಲ, ಲಿವರ್ ಮಾತ್ರ ಆ ನಾರನ್ನು ತಾನೇ ಸ್ವಲ್ಪ ಸ್ವಲ್ಪ ಕರಗಿಸಿಕೊಳ್ಳುತ್ತದೆ. ಅದಕ್ಕೆ ವರ್ಷಗಳು ಬೇಕು. ಕೆಲವರಲ್ಲಿ ಚೆನ್ನಾಗಿ ಕರಗುತ್ತದೆ, ಕೆಲವರಲ್ಲಿ ಅರ್ಧಕ್ಕೆ ನಿಲ್ಲುತ್ತದೆ.

ಫೈಬ್ರೋಸ್ಕ್ಯಾನ್ ಅಳೆಯುವುದು ಲಿವರ್ ಎಷ್ಟು ಗಟ್ಟಿಯಾಗಿದೆ ಎಂಬುದನ್ನು. ಬಲಗೈ ತಲೆಯ ಹಿಂದಿಟ್ಟು ಮಲಗಿಸಿ, ಪಕ್ಕೆಲುಬಿನ ನಡುವೆ ತಣ್ಣಗಿನ ಜೆಲ್ ಹಚ್ಚಿ, ಒಂದು ಕಡ್ಡಿಯಂಥದ್ದನ್ನು ಒತ್ತಿ ಹಿಡಿಯುತ್ತಾರೆ. ಯಾರೋ ಒಳಗಿನಿಂದ ಬೆರಳಲ್ಲಿ ತಟ್ಟಿದ ಹಾಗೆ ಹತ್ತು ಸಲ ಆಗುತ್ತದೆ. ನೋವಿಲ್ಲ. ಬರುವ ಅಂಕಿ ಸುಮಾರು 7ರ ಒಳಗಿದ್ದರೆ ಹೆಚ್ಚಿನ ಚಿಂತೆಯಿಲ್ಲ, ಹೆಪಟೈಟಿಸ್ ಸಿಯಲ್ಲಿ 12.5ರ ಆಚೆ ಹೋದರೆ ಸಿರೋಸಿಸ್, ಅಂದರೆ ಲಿವರ್ ತುಂಬಾ ನಾರು ಕಟ್ಟಿದ ಹಂತ ಅಂತ ನೋಡುತ್ತಾರೆ. ಮದ್ದಿಗೆ ಮೊದಲು ನನ್ನದು 16.2 ಇತ್ತು. ಮಾತ್ರೆ ಮುಗಿದು ಆರು ತಿಂಗಳಾದ ಮೇಲೆ 11.8. ಇಷ್ಟು ಬೇಗ ಇಳಿಯಿತು ಅಂತ ಖುಷಿಯಿಂದ ಡಾಕ್ಟರ ಎದುರು ಕೂತೆ. ಅವರು ಸಮಾಧಾನದಿಂದ ಹೇಳಿದರು: ಮೊದಲು ಇಳಿಯುವುದು ಊತ, ನಾರಲ್ಲ. ಊದಿಕೊಂಡ ಲಿವರ್ ಕೂಡ ಮಿಷನ್‌ಗೆ ಗಟ್ಟಿಯಾಗಿಯೇ ಕಾಣುತ್ತದೆ. ವೈರಸ್ ಹೋದ ಕೂಡಲೇ ಊತ ಇಳಿಯುತ್ತದೆ, ಅಂಕಿಯೂ ಇಳಿಯುತ್ತದೆ. ರಕ್ತದಲ್ಲಿ ಲಿವರ್ ಊತ ತೋರಿಸುವ ಎಎಲ್‌ಟಿ ಕೆಲವೇ ವಾರಗಳಲ್ಲಿ ಸರಿಯಾಗುವುದೂ ಅದಕ್ಕೇ. ನಾರು ಕರಗುವ ಕೆಲಸ ಆಮೇಲಿನದು, ನಿಧಾನದ್ದು. 2021ರಲ್ಲಿ ನನ್ನ ಅಂಕಿ 9.4 ಆಯಿತು, 2024ರಲ್ಲಿ 8.6.

ನಡುವೆ ಒಂದು ಸಲ 13 ಬಂದು ನಾನು ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಕಾರಣ ಏನು ಗೊತ್ತಾ? ಬೆಳಗ್ಗೆ ಬಸ್ಸಿಳಿದು ಹೋಟೆಲಿನಲ್ಲಿ ಇಡ್ಲಿ ತಿಂದು ನೇರ ಸ್ಕ್ಯಾನ್‌ಗೆ ಹೋಗಿದ್ದೆ. ಹೊಟ್ಟೆ ತುಂಬಿದ್ದಾಗ ಲಿವರ್‌ಗೆ ರಕ್ತ ಜಾಸ್ತಿ ಹರಿಯುತ್ತದೆ, ಅಂಕಿ ಏರುತ್ತದೆ. ಕನಿಷ್ಠ ಮೂರು ಗಂಟೆ ಏನೂ ತಿಂದಿರಬಾರದು. ಅಪ್ಪ ಆ ದಿನ ತಿಂದು ಹೋಗಿದ್ದರಾ ಅಂತ ಕೇಳಿ ನೋಡಿ.

ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಬೇಕಾ? ಬೇಕೇ ಬೇಕು. ನಿಮ್ಮ ಪ್ರಶ್ನೆಗಳಲ್ಲಿ ಇದೊಂದಕ್ಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಒಮ್ಮೆ ಸಿರೋಸಿಸ್ ಹಂತ ಮುಟ್ಟಿದ ಲಿವರ್‌ನಲ್ಲಿ ಕ್ಯಾನ್ಸರ್ ಹುಟ್ಟುವ ಸಾಧ್ಯತೆ ವೈರಸ್ ಹೋದ ಮೇಲೆ ತುಂಬಾ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಅಂಕಿ 12ಕ್ಕಿಂತ ಕೆಳಗೆ ಬಂತು, ಇನ್ನು ಸಾಕು ಅನ್ನುವ ಹಾಗಿಲ್ಲ. ನನ್ನದು 8.6 ಆದರೂ ನಾನು ಬಿಟ್ಟಿಲ್ಲ. ಶುರುವಿನಲ್ಲಿ ಕ್ಯಾನ್ಸರ್ ನೋವು ಕೊಡುವುದಿಲ್ಲ, ಹಸಿವು ಕೆಡಿಸುವುದಿಲ್ಲ. ಎರಡು ಸೆಂಟಿಮೀಟರ್ ಇರುವಾಗ ಸಿಕ್ಕಿದರೆ ಸುಟ್ಟು ತೆಗೆಯಲು ದಾರಿ ಇದೆ. ಹೊಟ್ಟೆ ನೋವು ಬಂದು ಹೋದಾಗ ಸಿಕ್ಕಿದರೆ ದಾರಿಗಳು ಕಡಿಮೆ. ಈ ಸ್ಕ್ಯಾನ್ ಅಂದರೆ ಫೈಬ್ರೋಸ್ಕ್ಯಾನ್ ಅಲ್ಲ, ಮಾಮೂಲಿ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ ಅಂತ ಒಂದು ರಕ್ತ ಪರೀಕ್ಷೆ. ಅಷ್ಟೇ.

ಇದಕ್ಕೆ ಪ್ರತಿ ಸಲ ಮಂಗಳೂರಿಗೇ ಓಡಬೇಕೆಂದಿಲ್ಲ. ಅದು ನನಗೆ ಗೊತ್ತಾದದ್ದು 2020ರಲ್ಲಿ. ಏಪ್ರಿಲ್‌ನಲ್ಲಿ ನನ್ನ ಸ್ಕ್ಯಾನ್ ಇತ್ತು. ಲಾಕ್‌ಡೌನ್ ಆಗಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ಕಾಸರಗೋಡಿನ ನಮ್ಮಂಥವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರೇ ಅಲ್ವಾ? ಡಯಾಲಿಸಿಸ್‌ನವರು, ಹೆರಿಗೆಯವರು ಪಟ್ಟ ಪಾಡಿನ ಮುಂದೆ ನನ್ನದು ಏನೂ ಅಲ್ಲ, ಆದರೂ ಒಳಗೊಳಗೇ ಹೆದರಿಕೆ. ಜುಲೈವರೆಗೆ ಕಾದು, ಡಾಕ್ಟರಿಗೆ ಫೋನ್ ಮಾಡಿದೆ. 'ಅಲ್ಲೇ ಕಾಸರಗೋಡು ಪೇಟೆಯಲ್ಲಿ ಸ್ಕ್ಯಾನ್ ಮಾಡಿಸಿ, ರಿಪೋರ್ಟಿನ ಫೋಟೋ ಕಳಿಸಿ ಟೀಚರ್' ಅಂದರು. ಈಗಲೂ ಒಂದು ಸಲ ಇಲ್ಲಿ, ಒಂದು ಸಲ ಅಲ್ಲಿ ಮಾಡಿಸುತ್ತೇನೆ. ಸ್ಕ್ಯಾನ್ ಮಾಡುವವರಿಗೆ 'ಸಿರೋಸಿಸ್ ಇತ್ತು, ಲಿವರ್‌ನಲ್ಲಿ ಗಂಟು ಇದೆಯಾ ನೋಡಿ' ಅಂತ ಮೊದಲೇ ಹೇಳಬೇಕು. ಹೇಳಿದರೆ ಗಮನ ಕೊಟ್ಟು ನೋಡುತ್ತಾರೆ. ಹಳೆಯ ರಿಪೋರ್ಟ್ ಕೈಯಲ್ಲೇ ಇರಲಿ.

ಎಂಡೋಸ್ಕೋಪಿ ಬೇಕಾ ಅಂತಲೂ ಕೇಳಿ. ಅನ್ನನಾಳದಲ್ಲಿ ರಕ್ತನಾಳ ಉಬ್ಬಿದೆಯಾ ಅಂತ ನೋಡುವುದಕ್ಕೆ ಅದು. ಫೈಬ್ರೋಸ್ಕ್ಯಾನ್ 20ರ ಒಳಗಿದ್ದು ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಮಲ ಡಾಂಬರಿನ ಹಾಗೆ ಕಪ್ಪಾದರೆ, ರಕ್ತ ವಾಂತಿಯಾದರೆ, ಹೊಟ್ಟೆ ಉಬ್ಬಿ ಕಾಲು ಊದಿದರೆ, ಮಾತು ತೊದಲಿ ಗೊಂದಲವಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಕಳ್ಳು ಬೇಡ. ಬ್ರಾಂದಿಯೂ ಬೇಡ, ಬಿಯರೂ ಬೇಡ. ಕಳ್ಳು ಮರದ್ದು, ತಂಪು, ಅದಕ್ಕೇನೂ ಆಗುವುದಿಲ್ಲ ಅಂತ ನಮ್ಮೂರಲ್ಲೂ ಹೇಳುತ್ತಾರೆ. ಲಿವರ್‌ಗೆ ಅದೂ ಆಲ್ಕೋಹಾಲೇ. 14ರ ಲಿವರ್‌ಗೆ ಇಷ್ಟು ಪರವಾಗಿಲ್ಲ ಅನ್ನುವ ಅಳತೆ ಇಲ್ಲ.

ಕಷಾಯದ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಅದು ಪ್ರೀತಿಯಿಂದ ಬರುತ್ತದೆ. ನನಗೆ ಅತ್ತಿಗೆ ನೆಲನೆಲ್ಲಿ ಅರೆದು ಹಾಲಿನಲ್ಲಿ ಕಲಸಿ ತಂದಿದ್ದರು. ಪಕ್ಕದ ಮನೆಯವರು ತೋಟದಿಂದ ಅಮೃತಬಳ್ಳಿ ಕೊಯ್ದು ಕೊಟ್ಟರು. ಕೈಯೊಡ್ಡಿ ಇಸಿದುಕೊಂಡೆ, ಕುಡಿಯಲಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ದಿನಾ ಕುಡಿದವರಲ್ಲಿ ಲಿವರ್ ಕೆಟ್ಟ ಪ್ರಕರಣಗಳನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಎಲ್ಲರಿಗೂ ಹಾಗಾಗುತ್ತದೆ ಅಂತಲ್ಲ. ಆದರೆ ನಮ್ಮ ಲಿವರ್‌ನಲ್ಲಿ ಉಳಿದಿರುವ ಬಲವೇ ಕಡಿಮೆ, ಪ್ರಯೋಗಕ್ಕೆ ಜಾಗವಿಲ್ಲ. ಲಿವರ್ ಕ್ಲೀನ್ ಮಾಡುವ ಪುಡಿ, ಟಾನಿಕ್ ಕೂಡ ಬೇಡ. ಇಂಗ್ಲಿಷ್ ಮದ್ದಿನಲ್ಲೂ ಎಚ್ಚರ ಬೇಕು. ಸಿರೋಸಿಸ್ ಇರುವವರು ಸೊಂಟ ನೋವು, ಮಂಡಿ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಬಾರದು. ಜ್ವರ ಬಂದರೆ ಪ್ಯಾರಾಸಿಟಮಾಲ್ ಸಾಕು, ದಿನಕ್ಕೆ ಎರಡು ಗ್ರಾಂ ದಾಟದ ಹಾಗೆ. ಅದನ್ನೂ ಅಪ್ಪನ ಡಾಕ್ಟರಲ್ಲಿ ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ.

ಊಟದಲ್ಲಿ ದೊಡ್ಡ ಪಥ್ಯ ಇಲ್ಲ. ಬರೀ ಗಂಜಿ ಕೊಟ್ಟು ಕೂರಿಸಬೇಡಿ, ಹಾಗೆ ಮಾಡಿದರೆ ಮೈಯ ಸ್ನಾಯುವೇ ಕರಗುತ್ತದೆ. ಹೆಸರುಕಾಳು, ಮೊಸರು, ಮೊಟ್ಟೆ, ಮೀನು ತಿನ್ನಲಿ. ಮರುವಾಯಿ (ಚಿಪ್ಪಿನ ಮೀನು) ತಿನ್ನುವವರಾದರೆ ಪೂರ್ತಿ ಬೆಂದಿರಬೇಕು, ಹಸಿ ಉಳಿದದ್ದು ಸಿರೋಸಿಸ್ ಇರುವವರಿಗೆ ಅಪಾಯ. ರಾತ್ರಿ ಮಲಗುವ ಮೊದಲು ಏನಾದರೂ ಸ್ವಲ್ಪ ತಿಂದು ಮಲಗಿದರೆ ಒಳ್ಳೆಯದು. ಸಕ್ಕರೆ ಇಲ್ಲದ ಕಾಫಿ ಲಿವರ್‌ಗೆ ಒಳ್ಳೆಯದೇ ಅಂತ ಡಾಕ್ಟರು ಹೇಳಿದಾಗ ನನಗೆ ಹಬ್ಬವಾಯಿತು. ಆದರೆ ವೈರಸ್ ಹೋದ ಮೇಲೆ ಹಸಿವು ಬರುತ್ತದೆ, ತೂಕ ಏರುತ್ತದೆ, ಕೊಲೆಸ್ಟ್ರಾಲ್ ಕೂಡ ಏರಬಹುದು. ನನ್ನದು ಏರಿತು. ವೈರಸ್ ಬಿಟ್ಟು ಹೋದ ಲಿವರ್‌ಗೆ ಕೊಬ್ಬು ಬಂದು ಕೂತರೆ ಮತ್ತೆ ನಾರು ಕಟ್ಟುತ್ತದೆ. ಮೂರು ಹೊತ್ತು ಕುಚ್ಚಲಕ್ಕಿ ಅನ್ನ ಉಣ್ಣುತ್ತಿದ್ದವಳು ಎರಡು ಹೊತ್ತಿಗೆ ಇಳಿಸಿದೆ. ಸಂಜೆ ಅರ್ಧ ಗಂಟೆ ನಡೆಯುತ್ತೇನೆ. ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹಿಡಿತದಲ್ಲಿಡಿ.

ಹೆಪಟೈಟಿಸ್ ಎ ಮತ್ತು ಬಿ ಲಸಿಕೆ ಬೇಕಾ ಅಂತ ಡಾಕ್ಟರಲ್ಲಿ ಕೇಳಿ. ಕೇರಳದಲ್ಲಿ ಕಾಮಾಲೆ ಆಗಾಗ ಹರಡುತ್ತಲೇ ಇರುತ್ತದೆ. ಮದುವೆ ಮನೆಯಲ್ಲಿ ಕುದಿಸಿದ ನೀರೇ ಕುಡಿಯಲಿ, ಬಣ್ಣದ ಶರಬತ್ತು ಬೇಡ.

ಇನ್ನೊಂದು ಮಾತು ಮುಂದೆ ನಿಮಗೆ ಉಪಯೋಗಕ್ಕೆ ಬರುತ್ತದೆ. ಎರಡು ವರ್ಷದ ಹಿಂದೆ ನಾನು ಕಣ್ಣಿನ ಪೊರೆ ತೆಗೆಸಲು ಒಂದು ಆಸ್ಪತ್ರೆಗೆ ಹೋದೆ. ರಕ್ತ ಪರೀಕ್ಷೆಯಲ್ಲಿ 'ಎಚ್‌ಸಿವಿ ಪಾಸಿಟಿವ್', ಅಂದರೆ ಹೆಪಟೈಟಿಸ್ ಸಿ ಇದೆ ಅಂತ ಬಂತು. ಫೈಲ್ ಮೇಲೆ ದೊಡ್ಡದಾಗಿ ಕೆಂಪು ಅಕ್ಷರದಲ್ಲಿ ಬರೆದರು, ನನ್ನನ್ನು ಕೊನೆಗೆ ಕೂರಿಸಿದರು. ಎಲ್ಲರೂ ಅದನ್ನು ಓದುವ ಹಾಗೆ ಫೈಲ್ ಮೇಜಿನ ಮೇಲೆಯೇ ಇತ್ತು. ಆ ಮೂರು ಗಂಟೆ ನಾನು ತಲೆಯೆತ್ತಲಿಲ್ಲ. ಆಮೇಲೆ ತಿಳಿಯಿತು, ಆ ಪರೀಕ್ಷೆ ನೋಡುವುದು ಆಂಟಿಬಾಡಿಯನ್ನು, ಅಂದರೆ ವೈರಸ್ ವಿರುದ್ಧ ದೇಹ ಮಾಡಿಕೊಂಡ ಗುರುತನ್ನು. ಕಾಯಿಲೆ ವಾಸಿಯಾದರೂ ಆಂಟಿಬಾಡಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ವೈರಸ್ ಇದೆಯಾ ಇಲ್ಲವಾ ಹೇಳುವುದು ಆರ್‌ಎನ್‌ಎ ಪರೀಕ್ಷೆ ಮಾತ್ರ. ಅಪ್ಪನ ಆರ್‌ಎನ್‌ಎ ರಿಪೋರ್ಟಿನ ನಾಲ್ಕು ಝೆರಾಕ್ಸ್ ಮಾಡಿಸಿ ಇಡಿ, ಫೋನಲ್ಲೂ ಇರಲಿ.

ತಟ್ಟೆ ಲೋಟದ ಮಾತಿಗೆ ಬರುತ್ತೇನೆ. ಕಾಯಿಲೆ ಗೊತ್ತಾದಾಗ ನಾನೂ ಹಾಗೇ ಮಾಡಿದ್ದೆ. ಮಗಳ ಮಗುವನ್ನು ಎತ್ತಿಕೊಳ್ಳಲಿಲ್ಲ, ಐದು ತಿಂಗಳು. ಯಾರೂ ನನಗೆ ಹಾಗೆ ಮಾಡು ಅಂದಿರಲಿಲ್ಲ. ಈ ವೈರಸ್ ರಕ್ತದಿಂದ ರಕ್ತಕ್ಕೆ ಹೋಗುತ್ತದೆ. ಶೇವಿಂಗ್ ಬ್ಲೇಡ್, ಹಲ್ಲುಜ್ಜುವ ಬ್ರಷ್, ಸೂಜಿ ಹಂಚಿಕೊಳ್ಳಬಾರದು, ಅದು ಎಲ್ಲರಿಗೂ ಇರುವ ನಿಯಮ. ಎಂಜಲಿನಿಂದ, ಊಟದಿಂದ, ಅಪ್ಪಿಕೊಂಡರೆ ಇದು ಬರುವುದಿಲ್ಲ. ವೈರಸ್ ಇದ್ದಾಗಲೂ ತಟ್ಟೆ ಬೇರೆ ಬೇಕಿರಲಿಲ್ಲ, ಈಗಂತೂ ವೈರಸ್ಸೇ ಇಲ್ಲ. ಅಪ್ಪನಿಗೆ ಇದನ್ನು ಬಾಯಲ್ಲಿ ಹೇಳಿದರೆ 'ಇರಲಿ ಬಿಡು, ಅಭ್ಯಾಸವಾಗಿದೆ' ಅನ್ನುತ್ತಾರೆ. ನನ್ನ ಮಗಳು ಏನೂ ಹೇಳಲಿಲ್ಲ. ಒಂದು ರಾತ್ರಿ ನನ್ನ ತಟ್ಟೆಯನ್ನು ತೊಳೆದು ಉಳಿದ ತಟ್ಟೆಗಳ ನಡುವೆ ಸೇರಿಸಿಟ್ಟಳು. ಮರುದಿನ ಅದರಲ್ಲೇ ತಾನು ಬಡಿಸಿಕೊಂಡು ನನ್ನ ಪಕ್ಕ ಕೂತಳು.