ಹಳೇ ಮಿನಿ ಕಾರಿನ ಮೂತಿ ಕತ್ತರಿಸಿ ಫೈಬರ್ ಹಾಕಿಸಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮೂಡಿಗೆರೆ ಹತ್ತಿರ ತೋಟದ ಮನೆಯಲ್ಲಿ ತಾತನ ಕಾಲದ 1969ರ ಮಿನಿ ಇದೆ. ಓಡುತ್ತದೆ, ಆದರೆ ಬಾನೆಟ್ ಎತ್ತಿದರೆ ಎಲ್ಲೂ ಕೈ ತೂರುವುದಿಲ್ಲ. ಹಾಸನದಲ್ಲಿ ಒಬ್ಬ ಟಿಂಕರಿಂಗ್‌ನವರು ಮುಂಭಾಗ ಪೂರ್ತಿ ಕತ್ತರಿಸಿ, ಮಡ್‌ಗಾರ್ಡು, ಬಾನೆಟ್ಟು, ಮೂತಿ ಎಲ್ಲ ಸೇರಿ ಫೈಬರ್‌ನಲ್ಲಿ ಒಂದೇ ತುಂಡು ಮಾಡಿ, ಮುಂದಕ್ಕೆ ಮಗುಚುವ ಹಾಗೆ ಮಾಡಿಕೊಡ್ತೀನಿ ಅಂದಿದ್ದಾರೆ. ಮಾಡಿಸಲಾ?

ಬೇಡ. ನನ್ನ ಹತ್ತಿರವೂ ಚಿಕ್ಕಮಗಳೂರಿನಲ್ಲಿ ಒಂದು ಮಿನಿ ಇದೆ, ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ನಿಮಗೆ ಬೇಕಾದ ಅನುಕೂಲದಲ್ಲಿ ಮುಕ್ಕಾಲು ಪಾಲು ಗ್ರಿಲ್ ಒಂದನ್ನು ಕೈಯಲ್ಲೇ ಬಿಚ್ಚುವ ಹಾಗೆ ಮಾಡಿಕೊಂಡರೆ ಸಿಗುತ್ತದೆ.

ನಿಮ್ಮ ಆಸೆ ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನೋಡಿರುತ್ತೀರಿ. ಅದರ ಬಾನೆಟ್ಟು ಮಡ್‌ಗಾರ್ಡಿನ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮೆಕ್ಯಾನಿಕ್ ಆರಾಮಾಗಿ ಮುಂದಿನ ಟೈರ್ ಮೇಲೆ ಕೂತು ಕೆಲಸ ಮಾಡಬಹುದು. ಆದರೆ ಹೆರಾಲ್ಡ್‌ಗೆ ಕೆಳಗೆ ಬೇರೆ ಚಾಸಿಸ್ ಇದೆ, ಭಾರವೆಲ್ಲ ಅದರ ಮೇಲೆ. ಬಾನೆಟ್ ಬರೀ ಮುಚ್ಚಳ. ಮಿನಿಗೆ ಆ ಥರ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಇಂಜಿನ್ನು, ಮುಂದಿನ ಸಸ್ಪೆನ್ಷನ್ನು ಕೂತಿರುವ ಸಬ್‌ಫ್ರೇಮಿನ ಮುಂದಿನ ತುದಿ ಬೋಲ್ಟ್ ಆಗಿರುವುದು ಅದೇ ಮೂತಿಯ ತಗಡಿಗೆ. ಅದನ್ನು ತೆಗೆದ ಮೇಲೆ ಸಬ್‌ಫ್ರೇಮಿನಿಂದ ಹಿಂದಿನ ಗೋಡೆಗೆ, ಅಂದರೆ ಬಲ್ಕ್‌ಹೆಡ್‌ಗೆ, ಕಬ್ಬಿಣದ ಆನಿಕೆ ಕೊಡಲೇಬೇಕು. ಒಳಗಿನ ಮಡ್‌ಗಾರ್ಡನ್ನೂ ಕತ್ತರಿಸಿದರೆ ಎಡಗಡೆ ಅದಕ್ಕೆ ಒತ್ತಿಕೊಂಡಿರುವ ರೇಡಿಯೇಟರ್‌ಗೆ ಬೇರೆ ಜಾಗ ಹುಡುಕಬೇಕು. ರೇಸ್ ಕಾರಿನವರು ಇದೆಲ್ಲ ಮಾಡುತ್ತಾರೆ, ನಿಜ. ಅವರು ಪ್ರತಿ ರೇಸಿಗೂ ಮುಂಚೆ ಎಲ್ಲ ಬಿಚ್ಚಿ ನೋಡುತ್ತಾರೆ. ಮೂಡಿಗೆರೆ ಕಡೆಯ ತೋಟದ ರಸ್ತೆಯ ಗುಂಡಿಗಳಲ್ಲಿ ದಿನಾ ಕುಲುಕುವ ಕಾರಿಗೆ ಈ ಸಹವಾಸ ಯಾಕೆ?

ಕಾಗದದ ವಿಚಾರವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಬದಲಾಯಿಸುವಂತಿಲ್ಲ. ಅದಕ್ಕಿಂತ ಮುಖ್ಯ, 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು ಮತ್ತು ಬೈಕಿಗೆ ‘ವಿಎ’ ಅಕ್ಷರವಿರುವ ನಂಬರ್ ಸಿಗುತ್ತದೆ. ಶುಲ್ಕ 20,000 ರೂಪಾಯಿ, 10 ವರ್ಷದ ಅವಧಿ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಇಂಜಿನ್ ಯಾವುದನ್ನೂ ಬದಲಿಸಿರಬಾರದು. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಹಾಗಾಗಿ ಈಗಲೇ ಮಾಡಿಸಿ ಅನ್ನುತ್ತಿಲ್ಲ. ಆದರೆ ನಿಮ್ಮ ಕಾರಿಗೆ ಆ ವಯಸ್ಸು ಆಗಿದೆ. ಮೂತಿ ಕತ್ತರಿಸಿದರೆ ಆ ದಾರಿ ಮುಚ್ಚಿತು.

ಸರಿ, ಈಗ ಕೆಲಸಕ್ಕೆ ಬರೋಣ. ಮಿನಿಯನ್ನು ವಿನ್ಯಾಸ ಮಾಡಿದ ಅಲೆಕ್ ಇಸಿಗೋನಿಸ್ 1959ರಲ್ಲಿ ಈ ಕಾರನ್ನು ತಂದಾಗ ಇಂಜಿನ್ ಅಡ್ಡಡ್ಡ ಇಟ್ಟರು, ಗೇರ್‌ಬಾಕ್ಸನ್ನು ಅದರ ಕೆಳಗೆ ಅದೇ ಆಯಿಲ್‌ನಲ್ಲಿ ಮುಳುಗಿಸಿದರು. ಹತ್ತು ಅಡಿ ಕಾರಿನಲ್ಲಿ ನಾಲ್ಕು ಜನ ಕೂರಬೇಕಲ್ಲ, ಜಾಗ ಎಲ್ಲಿಂದ ಬರಬೇಕು! ಆದರೆ ಒಂದು ಗಮನಿಸಿ. ಪ್ಲಗ್ಗು, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್, ಸ್ಟಾರ್ಟರ್, ಆಯಿಲ್ ಫಿಲ್ಟರ್, ಡೈನಮೋ ಇವೆಲ್ಲ ಇರುವುದು ಮುಂಬದಿಯಲ್ಲಿ, ಗ್ರಿಲ್ ಕಡೆಗೆ ಮುಖ ಮಾಡಿ. ನಾವು ಪದೇ ಪದೇ ಮುಟ್ಟುವುದೂ ಇವನ್ನೇ. ಮೇಲಿನಿಂದ ಬಗ್ಗಿ ತಡಕಾಡುವ ಬದಲು ಗ್ರಿಲ್ ತೆಗೆದು ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತರೆ ಆಯಿತು.

ಗ್ರಿಲ್ ಬಿಚ್ಚಲು ಬೇಸರ ಯಾಕೆಂದರೆ ಅದರ ಸುತ್ತ ಸೆಲ್ಫ್ ಟ್ಯಾಪಿಂಗ್ ಸ್ಕ್ರೂಗಳಿವೆ. ಅರ್ಧ ತುಕ್ಕು ಹಿಡಿದಿರುತ್ತವೆ, ಉಳಿದರ್ಧಕ್ಕೆ ತೂತು ದೊಡ್ಡದಾಗಿ ಸುಮ್ನೆ ತಿರುಗುತ್ತಿರುತ್ತವೆ. ಅವನ್ನೆಲ್ಲ ತೆಗೆದು ಬಿಸಾಕಿ. ತಗಡಿನ ಅಂಚನ್ನು ಎಮರಿ ಕಾಗದದಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ ಒಣಗಲು ಬಿಡಿ. ಆಮೇಲೆ ಅದೇ ತೂತುಗಳಿಗೆ ಹಿಂದಿನಿಂದ 5 ಎಂಎಂ ಸ್ಟೇನ್‌ಲೆಸ್ ಬೋಲ್ಟ್ ತೂರಿಸಿ, ಮುಂದೆ ತೆಳು ನಟ್ ಹಾಕಿ ಬಿಗಿ ಮಾಡಿ. ಈಗ ಬೋಲ್ಟು ಅಲ್ಲೇ ಗಟ್ಟಿಯಾಗಿ ನಿಂತಿತು. ಅದರ ಮೇಲೆ ಒಂದು ರಬ್ಬರ್ ವಾಷರ್, ಆಮೇಲೆ ಗ್ರಿಲ್, ಆಮೇಲೆ ಬೆರಳಲ್ಲಿ ತಿರುಗಿಸುವ ಥಂಬ್ ನಟ್. ರಬ್ಬರ್ ಬಿಡಬೇಡಿ, ಇಲ್ಲದಿದ್ದರೆ ಗ್ರಿಲ್ ಗಡಗಡ ಅನ್ನುತ್ತದೆ, ನಟ್ಟೂ ಸಡಿಲವಾಗುತ್ತದೆ. ಇದಕ್ಕೆಂದೇ ಇಂಗ್ಲೆಂಡಿನಲ್ಲಿ ರೆಡಿ ಬಟನ್ ಸೆಟ್ ಸಿಗುತ್ತದೆ, ತರಿಸಬಹುದು. ಬೆಂಗಳೂರಿಗೆ ಹೋದಾಗ ಎಸ್‌ಜೆಪಿ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೂ ಬೇಕಾದ ನಟ್ಟು ಬೋಲ್ಟೆಲ್ಲ ಸಿಗುತ್ತದೆ. ಮೂಲ ತೂತುಗಳನ್ನೇ ಬಳಸುವುದರಿಂದ ಬಾಡಿಗೆ ಏನೂ ಮಾಡಿದಂತಾಗಲಿಲ್ಲ.

ಮಳೆಗಾಲದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಡಿಸ್ಟ್ರಿಬ್ಯೂಟರ್ ಗ್ರಿಲ್ ಹಿಂದೆಯೇ ಇರುವುದರಿಂದ ಎದುರು ಮಳೆ ನೇರ ಅದಕ್ಕೇ ಹೊಡೆಯುತ್ತದೆ. ಜೂನ್‌ನಲ್ಲಿ ಚಾರ್ಮಾಡಿ ಕಡೆ ಹೊರಟರೆ ಕಾರು ಮಧ್ಯದಲ್ಲಿ ಕೆಮ್ಮಿ ನಿಲ್ಲುವುದು ಇದಕ್ಕೇ. ಮಿನಿ ಇಟ್ಟುಕೊಂಡವರ ಹಳೇ ಉಪಾಯ ಒಂದಿದೆ. ದಪ್ಪ ರಬ್ಬರ್ ಗ್ಲೌಸ್ ತಗೊಳ್ಳಿ, ತೋಟದಲ್ಲಿ ಬೋರ್ಡೋ ದ್ರಾವಣ ಹೊಡೆಯುವಾಗ ಹಾಕುತ್ತಾರಲ್ಲ, ಆ ಥರದ್ದು, ಆದರೆ ಹೊಸದು. ಐದೂ ಬೆರಳಿನ ತುದಿಯನ್ನು ಚೂರೇ ಚೂರು ಕತ್ತರಿಸಿ. ನಾಲ್ಕು ಬೆರಳಲ್ಲಿ ನಾಲ್ಕು ಪ್ಲಗ್ ವೈರು, ಹೆಬ್ಬೆರಳಲ್ಲಿ ಕಾಯಿಲ್ ವೈರು. ಮಣಿಕಟ್ಟಿನ ಭಾಗವನ್ನು ಡಿಸ್ಟ್ರಿಬ್ಯೂಟರ್ ಮೇಲೆ ಎಳೆದು ಕೂರಿಸಿ. ಲೆಕ್ಕ ಸರಿಯಾಗಿ ಐದಕ್ಕೆ ಐದು! ವೈರಿನ ಕ್ರಮ ತಪ್ಪಬೇಡಿ, ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಲ್ಲಿ ಕಿಡಿ ಹಾರುವ ಸರದಿ, 1-3-4-2. ಬೇಸಿಗೆಯಲ್ಲಿ ಗ್ಲೌಸ್ ತೆಗೆದಿಡಿ, ಒಳಗೆ ಬೆವರಿದರೆ ಅದೂ ತೊಂದರೆಯೇ.

ಇನ್ನು ಬಾನೆಟ್. ಅದನ್ನು ಕೋಲು ಕೊಟ್ಟು ನಿಲ್ಲಿಸಿ ಕೆಲಸ ಮಾಡುವ ಬದಲು ತೆಗೆದೇ ಇಡಿ. ಹಿಂದೆ ಎರಡು ಹಿಂಜ್, ಅಷ್ಟೆ. ಬಿಚ್ಚುವ ಮುಂಚೆ ಹಿಂಜಿನ ಸುತ್ತ ಪೆನ್ಸಿಲ್ ಗೆರೆ ಎಳೆದುಕೊಂಡರೆ ವಾಪಸ್ ಕೂರಿಸುವಾಗ ಅಂಚು ಸಮ ಬರುತ್ತದೆ. ಇನ್ನೊಬ್ಬರನ್ನು ಕರೆದುಕೊಳ್ಳಿ. ಭಾರ ಜಾಸ್ತಿ ಇಲ್ಲ, ಆದರೆ ಒಬ್ಬರೇ ಎತ್ತಿದರೆ ಅದರ ಮೂಲೆ ಗಾಜಿನ ಕೆಳಗಿನ ಪೇಂಟ್ ಕೆರೆಯುವುದು ಗ್ಯಾರಂಟಿ.

ಹಿಂಬದಿಯ ಕಾರ್ಬೊರೇಟರ್, ಎಕ್ಸಾಸ್ಟ್ ಕಡೆಗೆ ಮಾತ್ರ ಸುಲಭದ ದಾರಿ ಇಲ್ಲ. ಏರ್ ಕ್ಲೀನರ್, ಕಾರ್ಬೊರೇಟರ್ ಎರಡೂ ಬಿಚ್ಚಿದರೆ ಕೈ ಇಳಿಯುವಷ್ಟು ಜಾಗ ಆಗುತ್ತದೆ. ಫ್ಯಾನ್ ಬೆಲ್ಟ್ ರೇಡಿಯೇಟರ್‌ಗೂ ಇಂಜಿನ್‌ಗೂ ನಡುವಿನ ಸಂದಿಯಲ್ಲಿದೆ. ಡೈನಮೋ ಸಡಿಲ ಮಾಡಿ, ಬೆಲ್ಟನ್ನು ಫ್ಯಾನಿನ ಒಂದೊಂದೇ ರೆಕ್ಕೆ ದಾಟಿಸುತ್ತಾ ಹಾಕಬೇಕು. ತಾಳ್ಮೆ ಬೇಕು, ಬೈಗುಳವೂ ಬರುತ್ತದೆ. ಸಿಲಿಂಡರ್ ಹೆಡ್‌ಗೂ ವಾಟರ್ ಪಂಪ್‌ಗೂ ನಡುವೆ ಬೆರಳುದ್ದದ ಬೈಪಾಸ್ ಹೋಸ್ ಒಂದಿದೆ ನೋಡಿ, ಅದು ಇನ್ನೂ ಕಿರಿಕಿರಿ. ನೇರ ಹೋಸ್ ಆದರೆ ಹೆಡ್ ಅಥವಾ ಪಂಪ್ ಬಿಚ್ಚದೆ ಕೂರುವುದಿಲ್ಲ. ಯಾವುದೋ ಕಾರಣಕ್ಕೆ ಅವುಗಳಲ್ಲಿ ಒಂದನ್ನು ಬಿಚ್ಚಿದಾಗ, ಹಳೆಯದು ಚೆನ್ನಾಗಿ ಕಂಡರೂ ಬದಲಾಯಿಸಿಬಿಡಿ. ದಾರಿಯಲ್ಲಿ ಒಡೆದರೆ ಎಂದು ಡಿಕ್ಕಿಯಲ್ಲಿ ಅಕಾರ್ಡಿಯನ್ ಥರ ಮಡಿಕೆ ಇರುವುದನ್ನು ಇಟ್ಟುಕೊಳ್ಳಿ, ಅದನ್ನು ಒತ್ತಿ ತೂರಿಸಬಹುದು.

ಜಾಗ ಇಲ್ಲ ಅನ್ನುವವರಲ್ಲಿ ಎಷ್ಟೋ ಜನರ ನಿಜವಾದ ಕಷ್ಟ ತಪ್ಪು ಪಾನಾ. ಮಿನಿಯದು ಇಂಚಿನ ಲೆಕ್ಕ. ಅರ್ಧ ಇಂಚಿನ ನಟ್ ಅಂದರೆ 12.7 ಎಂಎಂ. ಅದಕ್ಕೆ 13ರ ಪಾನಾ ಹಾಕಿದರೆ ಸಡಿಲ ಕೂತು ಮೂಲೆ ಸವೆಯುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಮೂಲೆ ಸವೆದ ನಟ್ ಸಿಕ್ಕರೆ ಅರ್ಧ ದಿನ ಹೋಯಿತು. 7/16, 1/2, 9/16 ಈ ಮೂರು ರಿಂಗ್ ಪಾನಾ ಮತ್ತು ಬಾಕ್ಸ್ ಪಾನಾ ತಗೊಂಡರೆ ಬಹುಪಾಲು ಕೆಲಸ ನಡೆಯುತ್ತದೆ. ನಿಮ್ಮ ಕಡೆ ಅಂಬಾಸಿಡರ್ ರಿಪೇರಿ ಮಾಡಿದ ಹಳೇ ಮೇಸ್ತ್ರಿ ಯಾರಾದರೂ ಇದ್ದರೆ ಅವರನ್ನು ಹಿಡಿಯಿರಿ. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ನೂ ಮಿನಿ ತಯಾರಿಸಿದ ಬ್ರಿಟಿಷ್ ಕಂಪನಿ ಬಿಎಂಸಿಯ ಕುಲದ್ದೇ. ಇಂಚಿನ ಪಾನಾನೂ ಅವರ ಹತ್ತಿರ ಇರುತ್ತದೆ, ಟ್ಯಾಪೆಟ್, ಪಾಯಿಂಟ್ ಹೊಂದಿಸುವ ಕೈಯೂ ಪಳಗಿರುತ್ತದೆ.

ಇಂಜಿನ್ ಇಳಿಸುವಾಗಲಾದರೂ ಮಗುಚುವ ಮೂತಿ ಬೇಕಲ್ವಾ ಅಂತ ಕೇಳಬಹುದು. ಅದಕ್ಕೂ ಬೇಡ. ಸಬ್‌ಫ್ರೇಮಿನ ಬೋಲ್ಟ್ ಬಿಚ್ಚಿ, ಬ್ರೇಕ್ ಪೈಪು, ವೈರು, ಸ್ಟೇರಿಂಗ್ ಎಲ್ಲ ಕಳಚಿ, ಬಾಡಿಯನ್ನೇ ಮೇಲೆತ್ತಿದರೆ ಇಂಜಿನ್ನು ಚಕ್ರದ ಸಮೇತ ಕೆಳಗೆ ಉಳಿಯುತ್ತದೆ. ಸುತ್ತಲೂ ಓಡಾಡಿಕೊಂಡು ಕೆಲಸ ಮಾಡಬಹುದು.

ಮೂತಿಯ ತಗಡು ಆಗಲೇ ತುಕ್ಕು ತಿಂದು ಹೋಗಿದ್ದರೂ ಫೈಬರ್‌ಗೆ ಹೋಗಬೇಡಿ. ಉಕ್ಕಿನ ಹೊಸ ಫ್ರಂಟ್ ಪ್ಯಾನೆಲ್ ಇಂಗ್ಲೆಂಡಿನಿಂದ ತರಿಸಲು ಸಿಗುತ್ತದೆ, ಅದನ್ನೇ ವೆಲ್ಡ್ ಮಾಡಿಸಿ. ಸಬ್‌ಫ್ರೇಮ್ ಬೋಲ್ಟ್ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಗಟ್ಟಿಯಾಗಿ ಚುಚ್ಚಿ ನೋಡಿ, ಒಳಗೆ ಇಳಿಯುತ್ತದಾ ಇಲ್ಲವಾ ಅಂತ ಇಲ್ಲೇ ಬರೆಯಿರಿ. ಇಳಿದರೆ ಗ್ರಿಲ್ ಕೆಲಸಕ್ಕಿಂತ ಮುಂಚೆ ಅದು ಆಗಬೇಕು.