ಎರಡು ಹೆಸರುಗಳ ನಟಿ

ಪ್ರಶ್ನೆ: ಜಪಾನಿನ ನಟಿ, ಗಾಯಕಿ ಯೊಶಿಕೊ ಯಾಮಾಗುಚಿ ಅವರನ್ನು ಚೀನಾದಲ್ಲಿ ದೇಶದ್ರೋಹದ ಆರೋಪದ ಮೇಲೆ ಬಂಧಿಸಲಾಗಿತ್ತು ಎಂದು ಓದಿದೆ. ಬೇರೆ ದೇಶದವರ ಮೇಲೆ ಇಂಥ ಆರೋಪ ಹೊರಿಸಿದ್ದು ಹೇಗೆ? ಅವರ ಜೀವನದ ಬಗ್ಗೆಯೂ ತಿಳಿಸಿ.

ಉತ್ತರ: ಅವರು ಜಪಾನಿನವರೆಂಬುದು ಚೀನಾದ ಪ್ರೇಕ್ಷಕರಿಗೆ ತಿಳಿದೇ ಇರಲಿಲ್ಲ. 1920ರಲ್ಲಿ ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದಲ್ಲಿ ಜಪಾನೀ ದಂಪತಿಗೆ ಹುಟ್ಟಿದ ಯೊಶಿಕೊ ಚೀನೀ ಭಾಷೆಯನ್ನು ಮನೆಮಾತಿನಷ್ಟೇ ಸಲೀಸಾಗಿ ಆಡುತ್ತಿದ್ದರು. ತಂದೆಯ ಚೀನೀ ಸ್ನೇಹಿತರೊಬ್ಬರು ಅವರನ್ನು ಮಗಳೆಂದು ಸ್ವೀಕರಿಸಿ, ಲೀ ಶಿಯಾಂಗ್‌ಲಾನ್ ಎಂದು ಹೆಸರಿಟ್ಟಿದ್ದರು. ಜಪಾನೀಯರ ಹಿಡಿತದಲ್ಲಿದ್ದ ಮಂಚೂರಿಯಾದ ಚಿತ್ರಸಂಸ್ಥೆ 1938ರಲ್ಲಿ ಅದೇ ಹೆಸರಿನಿಂದ, ಚೀನೀ ನಟಿಯೆಂಬಂತೆಯೇ, ಅವರನ್ನು ತೆರೆಗೆ ತಂದಿತು.

ಆ ಚಿತ್ರಗಳು ಚೀನಾದ ಮೇಲೆ ಯುದ್ಧ ನಡೆಸುತ್ತಿದ್ದ ಜಪಾನಿನ ಪ್ರಚಾರಕ್ಕೆ ನೆರವಾದವೆಂಬುದನ್ನು ಮುಚ್ಚಿಡುವಂತಿಲ್ಲ. 1940ರ ಒಂದು ಚಿತ್ರದಲ್ಲಿ ಜಪಾನೀ ನಾವಿಕನು ಯೊಶಿಕೊ ಅಭಿನಯಿಸಿದ ಚೀನೀ ಅನಾಥೆಯ ಕೆನ್ನೆಗೆ ಹೊಡೆಯುತ್ತಾನೆ; ಅವಳು ಅವನನ್ನೇ ಪ್ರೀತಿಸತೊಡಗುತ್ತಾಳೆ. ಮನೆಯನ್ನೂ ಬಂಧುಗಳನ್ನೂ ಯುದ್ಧದಲ್ಲಿ ಕಳೆದುಕೊಂಡಿದ್ದ ಚೀನೀಯರಿಗೆ ಆ ಏಟು ತಮ್ಮ ಕೆನ್ನೆಗೇ ಬಿದ್ದಂತಾಗಿದ್ದರೆ ಆಶ್ಚರ್ಯವೇನು? ಆದರೂ ಯೊಶಿಕೊ ಅವರ ಕಂಠ ಬೇರೆಯದೇ ಮಾತು. ಪಾಶ್ಚಾತ್ಯ ಶಾಸ್ತ್ರೀಯ ಗಾಯನವನ್ನು ಕಲಿತಿದ್ದ ಅವರು 1944ರಲ್ಲಿ ಶಾಂಘಾಯಿಯಲ್ಲಿ ಹಾಡಿದ ‘ಯೇ ಲಾಯ್ ಶಿಯಾಂಗ್’ ಎಂಬ ಗೀತೆ, ಇರುಳಲ್ಲಿ ಕಂಪು ಸೂಸುವ ಹೂವಿನ ಹಾಡು, ಇಂದಿಗೂ ಚೀನೀ ಭಾಷಿಕರ ಬಾಯಲ್ಲಿದೆ.

1945ರಲ್ಲಿ ಜಪಾನ್ ಸೋತಾಗ ಶಾಂಘಾಯಿಯಲ್ಲೇ ಇದ್ದ ಅವರನ್ನು, ಶತ್ರುವಿಗೆ ದುಡಿದ ಚೀನೀ ಪ್ರಜೆಯೆಂದು ಭಾವಿಸಿ ಬಂಧಿಸಲಾಯಿತು. ಮರಣದಂಡನೆಯೇ ಆಗುತ್ತದೆಂಬ ಸುದ್ದಿ ಹಬ್ಬಿತ್ತು. ಆಗ ನೆರವಿಗೆ ಬಂದವಳು ಲ್ಯೂಬಾ ಎಂಬ ರಷ್ಯನ್ ಯಹೂದಿ ಬಾಲ್ಯಸ್ನೇಹಿತೆ. ಜಪಾನಿನಲ್ಲಿ ಪ್ರತಿ ಕುಟುಂಬಕ್ಕೂ ‘ಕೊಸೆಕಿ’ ಎಂಬ ಸರ್ಕಾರಿ ದಾಖಲೆ ಇರುತ್ತದೆ. ಬೀಜಿಂಗ್‌ನಲ್ಲಿದ್ದ ತಂದೆತಾಯಿಗಳ ಬಳಿಯಿದ್ದ ಅದರ ಪ್ರತಿ ಲ್ಯೂಬಾಳ ನೆರವಿನಿಂದ, ಜಪಾನೀ ಗೊಂಬೆಯೊಂದರಲ್ಲಿ ಅಡಗಿ ಶಾಂಘಾಯಿ ತಲುಪಿತು. ಹುಟ್ಟಿನಿಂದಲೇ ಜಪಾನೀ ಪ್ರಜೆಯೆಂಬುದು ಆ ಕಾಗದದಿಂದ ಸಾಬೀತಾದ ಮೇಲೆ ದೇಶದ್ರೋಹದ ಆರೋಪ ನಿಲ್ಲಲಿಲ್ಲ. 1946ರಲ್ಲಿ ಅವರು ಜಪಾನಿಗೆ ಮರಳಿದರು.

ಅನಂತರ ಅವರು ಅಕಿರಾ ಕುರೊಸಾವಾ ಅವರ 1950ರ ಚಿತ್ರವೊಂದರಲ್ಲಿಯೂ, ಶೆರ್ಲಿ ಯಾಮಾಗುಚಿ ಎಂಬ ಹೆಸರಿನಲ್ಲಿ ಹಾಲಿವುಡ್‌ನಲ್ಲಿಯೂ ನಟಿಸಿದರು. ಶಿಲ್ಪಿ ಇಸಾಮು ನೊಗುಚಿ ಅವರೊಂದಿಗಿನ ಮದುವೆ ಬಹುಕಾಲ ಉಳಿಯಲಿಲ್ಲ. ಟಿವಿ ನಿರೂಪಕಿಯಾಗಿ ಪ್ಯಾಲೆಸ್ಟೈನ್‌ನಿಂದ ವರದಿ ಮಾಡಿದ ಅವರು 1974ರಿಂದ 18 ವರ್ಷ ಜಪಾನಿನ ಸಂಸತ್ತಿನ ಮೇಲ್ಮನೆಯ ಸದಸ್ಯೆಯಾಗಿದ್ದರು. ನನ್ನನ್ನು ಹೆಚ್ಚು ತಟ್ಟುವುದು ಅದರ ನಂತರದ ಕೆಲಸ: ಜಪಾನೀ ಸೈನ್ಯದ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದ ಏಷ್ಯಾದ ಮಹಿಳೆಯರಿಗೆ ಪರಿಹಾರ ನೀಡಲು 1995ರಲ್ಲಿ ಸ್ಥಾಪಿತವಾದ ನಿಧಿಯ ಉಪಾಧ್ಯಕ್ಷೆಯಾಗಿ ಅವರು ದುಡಿದರು. 2014ರ ಸೆಪ್ಟೆಂಬರ್ 7ರಂದು, 94ನೇ ವಯಸ್ಸಿನಲ್ಲಿ, ನಿಧನರಾದರು.